ಮರಳುಗಲ್ಲಿನ ಕಮರಿ, ಮರಳದ ಹಾದಿ

ಬೆಟ್ಟವನ್ನು ಹತ್ತಹೊರಟವನಿಗೆ ಒಂದು ಸಮಾಧಾನ ಯಾವಾಗಲೂ ಉಂಟು. ಎಲ್ಲಿ ಉಸಿರು ಸೋತಿತೋ, ಎಲ್ಲಿ ಮುಗಿಲು ಕಪ್ಪಾಯಿತೋ, ಎಲ್ಲಿ ಮನಸ್ಸು ಅಳುಕಿತೋ ಅಲ್ಲಿಂದಲೇ ಬೆನ್ನು ತಿರುಗಿಸಿ, ಹತ್ತಿದ ದಾರಿಯಲ್ಲೇ ಇಳಿದು ಅವನು ಮನೆ ಸೇರಬಹುದು. ಶಿಖರವನ್ನು ಮುಟ್ಟದೆ ಬಂದೆನೆಂಬ ಸಣ್ಣ ಕೊರಗೊಂದನ್ನು ಬಿಟ್ಟರೆ ಅವನು ಕಳೆದುಕೊಂಡದ್ದು ಏನೂ ಇಲ್ಲ. ಕಮರಿಯನ್ನು ಇಳಿಯಹೊರಟವನಿಗೆ ಈ ಸೌಕರ್ಯವಿಲ್ಲ. ಮೈಯಲ್ಲಿ ಕಸುವು ತುಂಬಿರುವಾಗ ಅವನು ಇಳಿಯುತ್ತಾನೆ, ದಣಿದ ಮೇಲೆ ಏರುತ್ತಾನೆ. ಅಷ್ಟೇ ಅಲ್ಲದೆ, ಹಗ್ಗದ ಆಧಾರದಿಂದ ಮೊದಲನೆಯ ಕಡಿದಾದ ಬಂಡೆಯ ಬುಡಕ್ಕೆ ತಲಪಿ, ಆ ಹಗ್ಗದ ಒಂದು ತುದಿಯನ್ನು ಹಿಡಿದು ಕೆಳಗಿನಿಂದ ಸೆಳೆದು, ಅದು ಸರ್ರನೆ ಜಾರಿ ಕಾಲ ಬಳಿ ಸುರುಳಿಯಾಗಿ ಬಿದ್ದ ಕ್ಷಣದಲ್ಲಿ, ಬಂದ ದಾರಿ ಅವನ ಪಾಲಿಗೆ ಮುಚ್ಚಿಹೋಗುತ್ತದೆ. ಅನಂತರ ಉಳಿಯುವುದು ಮುಂದಿನ ದಾರಿಯೊಂದೇ. ಇಳಿಯಬೇಕಾದ ಕಮರಿ ಮೂವತ್ತು ಅಡಿಯದೋ ಮುನ್ನೂರು ಅಡಿಯದೋ ಎಂಬುದು ಈ ಮಾತಿನಲ್ಲಿ ಯಾವ ವ್ಯತ್ಯಾಸವನ್ನೂ ಉಂಟುಮಾಡಲಾರದು.

ಈ ಸಾಹಸವನ್ನು ಅಮೆರಿಕದವರು ಕ್ಯಾನಿಯನೀರಿಂಗ್ ಎನ್ನುತ್ತಾರೆ. ಯೂರೋಪಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಕ್ಯಾನಿಯನಿಂಗ್ ಎಂಬ ಮಾತು ನಡೆಯುತ್ತದೆ. ಪರ್ವತಾರೋಹಣವೆಂಬ ಪದ ನಮ್ಮಲ್ಲಿ ರೂಢಿಗೆ ಬಂದಿರುವುದರಿಂದ ಇದನ್ನು ಕಂದರಾವರೋಹಣವೆಂದು ಕರೆಯಲಡ್ಡಿಯಿಲ್ಲ. ಅಷ್ಟುದ್ದದ ಹೆಸರನ್ನು ಹೇಳಿ ಮುಗಿಸುವುದರೊಳಗಾಗಿ ಒಂದು ಜಲಪಾತವನ್ನೇ ಇಳಿದುಬಿಡಬಹುದೆಂದು ಯಾರಾದರೂ ನಕ್ಕರೆ, ಕಮರಿಯಿಳಿತ ಎಂದರೂ ಸಾಕು. ತೊರೆಯೊಂದು ಬಂಡೆಯನ್ನು ಕೊರೆದು ಮಾಡಿಕೊಂಡ ಇಕ್ಕಟ್ಟಾದ ಆಳದೊಳಕ್ಕೆ ಅದರ ತಲೆಯ ಕಡೆಯಿಂದ ಪ್ರವೇಶಿಸಿ, ನಡೆಯಬಹುದಾದಲ್ಲಿ ನಡೆದು, ಮಡುವಿದ್ದಲ್ಲಿ ಈಜಿ, ಬಂಡೆ ಅಡ್ಡವಾದಲ್ಲಿ ಕೈಕಾಲುಗಳನ್ನೂರಿ ಇಳಿದು, ಕೈಕಾಲಿಗೆ ಆಸರೆ ಸಿಗದಲ್ಲಿ ಹಗ್ಗ ಕಟ್ಟಿ ಇಳಿದು, ಕೊನೆಗೆ ಅದರ ಬಾಯಿಯಲ್ಲಿ ಹೊರಬೀಳುವುದು ಇದರ ಕ್ರಮ. ಫ್ರಾನ್ಸ್ ದೇಶದ ಎದುವಾರ್ ಆಲ್ಫ್ರೆದ್ ಮಾರ್ತೆಲ್ ಎಂಬ ವಕೀಲ, ಗುಹೆಗಳ ಅನ್ವೇಷಣೆಯನ್ನು ಒಂದು ಶಾಸ್ತ್ರದ ಪದವಿಗೇರಿಸಿದ ಮಹಾನುಭಾವ, 1905ರಲ್ಲಿ ವೆರ್ದೋಂ ನದಿಯ ಮಹಾಕಂದರವನ್ನು ಹಾದು ಬಂದಾಗ ಅವನ ಉದ್ದೇಶ ನೀರಿನ ಗತಿಯನ್ನು ಅರಿಯುವುದಾಗಿತ್ತು. ಕೇವಲ ವಿನೋದಕ್ಕಾಗಿ ಹಳ್ಳದೊಳಕ್ಕೆ ಇಳಿಯುವ ಜನ ಹುಟ್ಟಿಕೊಂಡದ್ದು ಆಮೇಲೆ.

ಹೊಸಬರು ಮೊದಲು ಇಳಿಯಲು ತಕ್ಕದ್ದೆಂದು ಹೆಸರಾದ ಕಮರಿಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿರುವ ಸಬ್‌ವೇ ಒಂದು. ಬೆಂಗಳೂರಿನವರಿಗೆ ಸಬ್‌ವೇ ಎಂದರೆ ರಸ್ತೆಯ ಅಡಿಯಲ್ಲಿ ನಡೆದು ದಾಟುವ ಓಣಿ. ಅಮೆರಿಕದವರಿಗೆ ನೆಲದೊಳಗಿನ ರೈಲು. ನಾರ್ತ್ ಕ್ರೀಕ್ ಎಂಬ ತೊರೆಯ ಎಡಗವಲು ಒಂದೆಡೆ ಬಂಡೆಯನ್ನು ಬುಡದಲ್ಲಿ ದುಂಡಗೆ ಕೊರೆದು, ಮೇಲೆ ಕಿರಿದಾದ ಬಿರುಕೊಂದನ್ನು ಮಾತ್ರ ಆಕಾಶಕ್ಕೆ ಬಿಟ್ಟು, ರೈಲೊಂದು ಈಗತಾನೆ ಹಾದುಹೋಯಿತೋ ಎಂಬಂತಹ ಸುರಂಗವನ್ನು ನಿರ್ಮಿಸಿದೆ. ಹೆಸರು ಬಂದದ್ದು ಅದರಿಂದ. ಉದ್ಯಾನಕ್ಕೆ 1909ರಲ್ಲಿ ಮೊದಲು ರಕ್ಷಣೆ ದೊರೆತಾಗ ಅಲ್ಲಿನ ಮೂಲನಿವಾಸಿಗಳ ಮಾತಿನ ಮುಕುಂಟುವೀಪ್ ಎಂಬ ಹೆಸರೇ ಅದಕ್ಕಿತ್ತು. ಜಯಾನ್ ಎಂಬ ಹೆಸರಿನಿಂದ ರಾಷ್ಟ್ರೀಯ ಉದ್ಯಾನವಾದದ್ದು 1919ರಲ್ಲಿ. ಮುಕುಂಟುವೀಪ್ ಎಂಬ ಹೆಸರಿನಲ್ಲಿ ಬಂಡೆಯ ಮೇಲೆ ನೀರು ಬಡಿಯುವ ಸದ್ದಿದೆಯೆಂದು ನನ್ನ ಕಿವಿಗೆ ತೋರುತ್ತದೆ; ಬದಲಾಯಿಸದಿದ್ದರೆ ಚೆನ್ನಾಗಿತ್ತು.

ಕಲ್ಲಿನ ವಿಷಯವಾಗಿ ಎರಡು ಮಾತು ಹೇಳದೆ ಕಮರಿಯ ವಿಷಯ ತಿಳಿಯದು. ಬಾದಾಮಿಯ ಗುಹೆಗಳ ಮುಂದೆ ನಿಂತು, ಸಂಜೆಯ ಬಿಸಿಲು ಬಿದ್ದು ಕೆಂಡದಂತೆ ಹೊಳೆಯುವ ಮರಳುಗಲ್ಲಿನ ಗೋಡೆಗಳನ್ನು ಕಂಡವರಿಗೆ ಜಯಾನಿನ ಬಣ್ಣವನ್ನು ವರ್ಣಿಸಬೇಕಾಗಿಲ್ಲ. ಬಾದಾಮಿಯ ಕಲ್ಲು ಬಹಳ ಪ್ರಾಚೀನವಾದದ್ದು. ಜಯಾನಿನದು ಅದರ ಮುಂದೆ ಎಳೆಯದು. ಸುಮಾರು 18 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲೆ ಡೈನೋಸಾರ್‌ಗಳು ತಿರುಗುತ್ತಿದ್ದಾಗ, ಅಲ್ಲಿದ್ದ ವಿಸ್ತಾರವಾದ ಮರುಭೂಮಿಯ ಮರಳುದಿಣ್ಣೆಗಳೇ ಒಂದರ ಮೇಲೊಂದು ಕುಳಿತು, ಹೂತು, ಒತ್ತಿ, ಸುಣ್ಣವೂ ಕಬ್ಬಿಣದ ಅಂಶವೂ ಅಂಟಾಗಿ ಬೆಸೆದು, 2,000 ಅಡಿಗೂ ಮಿಕ್ಕ ದಪ್ಪದ ಕಲ್ಲಾದವು. ನವಾಹೋ ಮರಳುಗಲ್ಲು ಎಂದು ಭೂವಿಜ್ಞಾನಿಗಳು ಅದನ್ನು ಕರೆಯುತ್ತಾರೆ. ಗೋಡೆಗಳನ್ನು ದಿಟ್ಟಿಸಿ ನೋಡಿದರೆ ಓರೆಯೋರೆಯಾದ ಗೆರೆಗಳು ಕಾಣುತ್ತವೆ. ಅಂದಿನ ಗಾಳಿ ಯಾವ ದಿಕ್ಕಿನಿಂದ ಬೀಸಿತ್ತೆಂಬುದನ್ನು ಬಲ್ಲವರು ಆ ಗೆರೆಗಳಿಂದಲೇ ಓದಬಲ್ಲರು.

ಇಂತಹ ಕಲ್ಲು ನೆಲದ ಒತ್ತಡಕ್ಕೆ ಸಿಕ್ಕಿ ಮೇಲಿನಿಂದ ಕೆಳಕ್ಕೆ ನೀಳವಾಗಿ ಸೀಳುತ್ತದೆ. ಆ ಸೀಳುಗಳಲ್ಲಿ ಮಳೆಯ ನೀರು ಹಾದಿ ಹಿಡಿಯುತ್ತದೆ. ನೀರೊಂದೇ ಆಗಿದ್ದರೆ ಕಲ್ಲನ್ನು ಸವೆಸಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. ಆದರೆ ಪ್ರವಾಹ ತನ್ನೊಡನೆ ಮರಳು, ಉರುಟುಗಲ್ಲು, ಮರದ ದಿಮ್ಮಿಗಳನ್ನು ಹೊತ್ತು ತರುವುದರಿಂದ, ಅದು ನೀರಿನ ಹೆಸರಿನಲ್ಲಿ ನಡೆಯುವ ಉಜ್ಜುಗೊರಡಾಗುತ್ತದೆ. ಕೆಲವು ಕಡೆ ಎರಡು ಕೈಗಳನ್ನು ಚಾಚಿದರೆ ಎರಡು ಗೋಡೆಗಳೂ ಸಿಗುವಷ್ಟು ಕಿರಿದಾಗಿ, ನೂರಾರು ಅಡಿ ಆಳವಾಗಿ ಕಮರಿ ಕೊರೆಯಲ್ಪಡುವುದು ಹೀಗೆ. ವರ್ಷದಲ್ಲಿ ಮುನ್ನೂರು ದಿನ ತಣ್ಣಗೆ ಹರಿಯುವ ತೊರೆಗೆ ಈ ಕೆಲಸದಲ್ಲಿ ಪಾಲು ಕಡಮೆ. ಕೆಲವೇ ಗಂಟೆಗಳ ಕಾಲ ಬರುವ ಕೆಂಪು ಪ್ರವಾಹಕ್ಕೆ ಪಾಲು ಹೆಚ್ಚು. ಕಮರಿಯ ಚೆಲುವನ್ನು ಕೆತ್ತಿದ ಕೈಯೂ, ಕಮರಿಯೊಳಗೆ ಮನುಷ್ಯನನ್ನು ಕೊಲ್ಲುವ ಕೈಯೂ ಒಂದೇ ಎಂಬುದನ್ನು ಒಳಹೊಕ್ಕವನು ಮರೆಯುವಂತಿಲ್ಲ.

ಸಬ್‌ವೇಯನ್ನು ನೋಡಲು ಎರಡು ಮಾರ್ಗಗಳಿವೆ. ಕೆಳಗಿನಿಂದ ತೊರೆಯ ಪಕ್ಕದಲ್ಲಿ ನಡೆದು, ಸುರಂಗವನ್ನು ಕಂಡು, ಬಂದ ದಾರಿಯಲ್ಲಿಯೇ ಹಿಂದಿರುಗುವುದು ಒಂದು. ಇದಕ್ಕೆ ಹಗ್ಗ ಬೇಡ, ಕಾಲು ಗಟ್ಟಿಯಾಗಿದ್ದರೆ ಸಾಕು. ಮೇಲಿನಿಂದ, ವೈಲ್ಡ್‌ಕ್ಯಾಟ್ ಕಣಿವೆಯ ಹಾದಿಯ ಮೊದಲಿನಿಂದ ಹೊರಟು, ಪೈನ್ ಮರಗಳ ಕಾಡನ್ನು ಹಾದು, ಬೋಳು ಬಂಡೆಯ ಇಳಿಜಾರುಗಳನ್ನು ದಾಟಿ, ರಸಲ್ ಗಲ್ಚ್ ಎಂಬ ಕಡಿದಾದ ಕೊರಕಲಿನಲ್ಲಿ ಇಳಿದು, ಎಡಗವಲನ್ನು ಸೇರಿ, ಅದರ ಮಡುಗಳನ್ನೂ ಬಂಡೆಗಳನ್ನೂ ಒಂದೊಂದಾಗಿ ದಾಟಿ, ಸುರಂಗದ ಮೂಲಕವೇ ಹೊರಬರುವುದು ಎರಡನೆಯದು. ಇದರ ಉದ್ದ ಒಂಬತ್ತೂವರೆ ಮೈಲಿ, ಎಂದರೆ ಸುಮಾರು 15 ಕಿಲೋಮೀಟರು. 60 ಅಡಿಯ ಹಗ್ಗವೊಂದನ್ನು ಒಯ್ಯಬೇಕೆಂದು ಉದ್ಯಾನದವರು ಹೇಳುತ್ತಾರೆ. ಹಗ್ಗವನ್ನು ಇಮ್ಮಡಿಸಿ ಇಳಿಯುವುದರಿಂದ, ಅತಿ ಎತ್ತರದ ಇಳಿತವೂ 30 ಅಡಿಯೊಳಗಿನದು ಎಂಬುದು ಇದರಿಂದಲೇ ವ್ಯಕ್ತವಾಗುತ್ತದೆ. ನಮ್ಮ ಊರುಗಳ ಮೂರಂತಸ್ತಿನ ಮನೆಗಿಂತ ಹೆಚ್ಚೇನೂ ಅಲ್ಲ. ಒಂದೇ ಸುರಂಗವನ್ನು ನೋಡಿಬರುವ ಈ ಇಬ್ಬರಲ್ಲಿ ಕೆಳಗಿನಿಂದ ಬಂದವನು ಮೋಡ ಕವಿದರೆ ಹಿಂದಿರುಗಬಲ್ಲ. ಮೇಲಿನಿಂದ ಬಂದವನು ಮೋಡವನ್ನು ಬೆಳಗ್ಗೆಯೇ ನೋಡಿರಬೇಕು.

ಕಮರಿಗಳ ಕಾಠಿಣ್ಯವನ್ನು ಅಳೆಯಲು ಅಮೆರಿಕದವರು ಒಂದು ಮಾಪನಕ್ರಮವನ್ನು ಇಟ್ಟುಕೊಂಡಿದ್ದಾರೆ. ಮೊದಲ ಅಂಕಿ ಇಳಿಯುವ ಕೌಶಲಕ್ಕೆ: ಒಂದು ಎಂದರೆ ಬರಿಯ ನಡಿಗೆ, ನಾಲ್ಕು ಎಂದರೆ ನುರಿತವರಿಗೆ ಮಾತ್ರ. ಅದರ ಮುಂದಿನ ಅಕ್ಷರ ನೀರಿಗೆ: ಎ ಎಂದರೆ ಒಣಗಿದ್ದು ಅಥವಾ ಕಾಲು ತೋಯುವಷ್ಟು, ಬಿ ಎಂದರೆ ಈಜಬೇಕಾದ ನಿಂತ ನೀರು, ಸಿ ಎಂದರೆ ಸೆಳೆತವಿರುವ ನೀರು. ಕೊನೆಯ ಅಂಕಿ ಕಾಲಕ್ಕೆ. ಸಬ್‌ವೇಗೆ ದೊರೆತಿರುವುದು ಮೂರು, ಬಿ, ಮೂರು. ಹಗ್ಗ ಬೇಕು, ಈಜು ಬೇಕು, ಹಗಲಿನ ಬಹುಭಾಗ ಬೇಕು ಎಂದು ಇದರ ತಾತ್ಪರ್ಯ. ಹೊಸಬರಿಗೆ ಸುಲಭವೆಂದು ಹೆಸರಾದ ಕಮರಿಗೆ ನಾಲ್ಕರಲ್ಲಿ ಮೂರು ಅಂಕವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಗ್ಗ ಬೇಕಾದ ಕಮರಿಗಳಲ್ಲಿ ಇದು ಸುಲಭ ಎಂಬುದೇ ಸರಿಯಾದ ಉತ್ತರ. ಹಗ್ಗ ಬೇಕಾಯಿತೆಂದ ಮೇಲೆ ಸುಲಭವೆಂಬ ಮಾತಿಗೆ ಮತ್ತೊಂದು ಅರ್ಥವೇ ಬಂದುಬಿಡುತ್ತದೆ.

ಆ ಹಗ್ಗದ ಕಥೆಯನ್ನೇ ಈಗ ಹೇಳಬೇಕು. ಹಗ್ಗ ಹಿಡಿದು ಬಂಡೆಯಿಂದ ಇಳಿಯುವುದು ಮನುಷ್ಯನಿಗೆ ಹೊಸದಲ್ಲ. ನೀಲಗಿರಿಯ ಕುರುಂಬರು ಬಳ್ಳಿಯ ಏಣಿಗಳನ್ನು ಇಳಿಬಿಟ್ಟು ಹೆಜ್ಜೇನಿನ ತಟ್ಟಿಗಳಿಗೆ ಕೈಯಿಕ್ಕುತ್ತ ಬಂದವರು, ಬಾವಿ ತೋಡುವವರು ಮಿಣಿ ಹಿಡಿದು ಪಾತಾಳಕ್ಕಿಳಿಯುತ್ತ ಬಂದವರು. ಆದರೆ ಇವರೆಲ್ಲ ಮತ್ತೆ ಅದೇ ಹಗ್ಗವನ್ನು ಹಿಡಿದು ಮೇಲೇರುವವರು. ಹಗ್ಗ ಮೇಲೆಯೇ ಕಟ್ಟಿರುತ್ತದೆ. ಇಳಿದ ಮೇಲೆ ಹಗ್ಗವನ್ನೂ ಇಳಿಸಿಕೊಳ್ಳುವ ಉಪಾಯ ಬೇರೆ. ಅದರ ಕೀರ್ತಿ ಫ್ರಾನ್ಸಿನ ಶಾಮೊನಿಯ ಪರ್ವತ ಮಾರ್ಗದರ್ಶಕ ಜಾಂ ಶಾರ್ಲೆಗೆ ಸಲ್ಲುತ್ತ ಬಂದಿದೆ. 1876ರಲ್ಲಿ ಪೆತಿ ದ್ರು ಎಂಬ ಮೊನಚು ಶಿಖರವನ್ನು ಒಂಟಿಯಾಗಿ ಏರಹೋಗಿ, ಶಿಖರ ದಕ್ಕದೆ ಹಿಂದಿರುಗುವಾಗ, ಅವನು ಹಗ್ಗವನ್ನು ಬಂಡೆಯ ಕೊಂಬೊಂದಕ್ಕೆ ಗಂಟಿಲ್ಲದೆ ಸುತ್ತಿ, ಎರಡು ಎಳೆಗಳನ್ನೂ ಹಿಡಿದು ಇಳಿದು, ಒಂದು ಎಳೆಯನ್ನು ಎಳೆದು ಇನ್ನೊಂದನ್ನು ಬಿಡಿಸಿಕೊಂಡನು. 1879ರಲ್ಲಿ ಆ ಶಿಖರವೂ ಅವನಿಗೆ ದಕ್ಕಿತು. ರ್‍ಯಾಪೆಲ್ ಎಂದು ಇಂದು ರಾಮನಗರದ ಬಂಡೆಗಳ ಮೇಲೆ ನಮ್ಮ ಹುಡುಗರು ಹುಡುಗಿಯರು ಹೇಳುವ ಮಾತು ಆ ಫ್ರೆಂಚ್ ಭಾಷೆಯದೇ; ಹಿಂದಕ್ಕೆ ಕರೆಯುವುದು ಎಂದು ಅದರ ಅರ್ಥ. ಹಿಂದಕ್ಕೆ ಕರೆಯಲ್ಪಡುವುದು ಹಗ್ಗ. ಜರ್ಮನರ ಮಾತಿನಲ್ಲಿ ಹಗ್ಗದಿಂದ ಕೆಳಕ್ಕೆ ಎಂಬಷ್ಟೇ ಅರ್ಥವಿದೆ; ಇಳಿಯುವುದನ್ನು ಅವರು ಕಂಡರು, ಇಳಿದ ಮೇಲಿನದನ್ನು ಫ್ರೆಂಚರು ಕಂಡರು.

ಆಗಿನ ಕಾಲದಲ್ಲಿ ಇಳಿಯುವವನ ಮೈಯೇ ತಡೆಯಂತ್ರವಾಗಿತ್ತು. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಮಡಿದ ಹಾನ್ಸ್ ಡ್ಯೂಲ್ಫರ್ ಎಂಬ ಜರ್ಮನ್ ತರುಣನ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದಲ್ಲಿ ಹಗ್ಗ ತೊಡೆಯ ಸಂದಿನಿಂದ ಹಾದು, ಎದೆಯ ಮೇಲೆ ಓರೆಯಾಗಿ ಏರಿ, ಹೆಗಲ ಮೇಲಿಂದ ಬೆನ್ನಿಗಿಳಿದು ಕೈಗೆ ಬರುತ್ತಿತ್ತು; ಉಜ್ಜುವಿಕೆಯ ಬಿಸಿಯನ್ನು ಅಂಗಿಯೂ ಚರ್ಮವೂ ಹಂಚಿಕೊಳ್ಳುತ್ತಿದ್ದವು. ಇಂದು ಸೊಂಟಕ್ಕೂ ತೊಡೆಗಳಿಗೂ ಪಟ್ಟಿಗಳ ಹಾರ್ನೆಸ್ ಬಿಗಿದು, ಅದಕ್ಕೆ ಕ್ಯಾರಬೀನರ್ ಎಂಬ ಕೊಂಡಿಯಿಂದ ಲೋಹದ ಸಾಧನವೊಂದನ್ನು ತಗಲಿಸಿ, ಅದರೊಳಗೆ ಹಗ್ಗವನ್ನು ಬಳುಕಿಸಿ ತೂರಿಸುತ್ತಾರೆ. ಹಗ್ಗ ಬಳುಕಿದಷ್ಟೂ ಘರ್ಷಣೆ ಹೆಚ್ಚು. ಸೊಂಟದ ಪಕ್ಕದಲ್ಲಿ ಹಿಡಿದ ಕೈ ಹಗ್ಗವನ್ನು ಕೆಳಕ್ಕೂ ಹಿಂದಕ್ಕೂ ಒತ್ತಿದರೆ ಇಳಿತ ನಿಲ್ಲುತ್ತದೆ, ಸಡಿಲಿಸಿದರೆ ಸಾಗುತ್ತದೆ. ಆ ಕೈಯೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಕೂಡದು. ತಲೆಗೂದಲು, ಗಡ್ಡ, ಅಂಗಿಯ ಅಂಚು ಇವು ಸಾಧನದೊಳಗೆ ಸಿಕ್ಕಿಕೊಂಡರೆ ಇಳಿಯುವವನು ನಡುವಿನಲ್ಲಿ ತೂಗಾಡುವ ಹಾಸ್ಯಾಸ್ಪದವೂ ಅಪಾಯಕರವೂ ಆದ ಸ್ಥಿತಿ ಒದಗುತ್ತದೆ. ಆದುದರಿಂದ ಜಡೆಯನ್ನು ಗಂಟು ಕಟ್ಟಿ ಅಂಗಿಯನ್ನು ಒಳಕ್ಕೆ ಸಿಕ್ಕಿಸಿಕೊಳ್ಳುವುದು ಮೊದಲ ಪಾಠ.

ಹೊಸಬನಿಗೆ ಕಷ್ಟವಾದದ್ದು ಒಂದೇ ಹೆಜ್ಜೆ, ಅಂಚಿನಿಂದ ಹಿಂದಕ್ಕೆ ಇಡುವ ಮೊದಲನೆಯದು. ಹುಟ್ಟಿದಂದಿನಿಂದ ಬೀಳಬಾರದೆಂದು ಕಲಿತ ದೇಹವನ್ನು, ಬೆನ್ನ ಹಿಂದೆ ಏನೂ ಇಲ್ಲದ ಕಡೆಗೆ ತಾನಾಗಿಯೇ ಒರಗಿಸಬೇಕು. ಕಾಲುಗಳನ್ನು ಅಗಲಿಸಿ, ಮಂಡಿಯನ್ನು ಕೊಂಚ ಸಡಿಲಿಸಿ, ಗೋಡೆಯೇ ನೆಲವೆಂಬಂತೆ ಅದರ ಮೇಲೆ ಹಿಮ್ಮುಖವಾಗಿ ನಡೆಯಬೇಕು. ಭಯಪಟ್ಟು ಗೋಡೆಗೆ ಅಂಟಿಕೊಂಡವನ ಕಾಲು ಜಾರುತ್ತದೆ, ಧೈರ್ಯವಾಗಿ ಹಿಂದಕ್ಕೊರಗಿದವನ ಕಾಲು ನಿಲ್ಲುತ್ತದೆ. ಇದು ಧೈರ್ಯದ ಪ್ರಶಂಸೆಯೇನೂ ಅಲ್ಲ. ಒರಗಿದಾಗ ಪಾದ ಬಂಡೆಯನ್ನು ನೇರವಾಗಿ ಒತ್ತುವುದರಿಂದ ಹಿಡಿತ ಹೆಚ್ಚುತ್ತದೆ, ಅಷ್ಟೆ. ಕೆಳಗೆ ಮೊದಲೇ ಇಳಿದ ಗೆಳೆಯನೊಬ್ಬ ಹಗ್ಗದ ತುದಿಗಳನ್ನು ಸಡಿಲವಾಗಿ ಹಿಡಿದು ನಿಂತಿದ್ದರೆ ಇನ್ನೂ ನಿಶ್ಚಿಂತೆ. ಇಳಿಯುವವನ ಕೈ ತಪ್ಪಿದರೂ ಕೆಳಗಿನವನು ಹಗ್ಗವನ್ನು ಬಿಗಿಯಾಗಿ ಜಗ್ಗಿದೊಡನೆ ಸಾಧನ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ.

ಆದರೆ ಮೊದಲು ಇಳಿದವನಿಗೆ ಕೆಳಗೆ ಯಾರೂ ಇರುವುದಿಲ್ಲ, ಕೊನೆಗೆ ಇಳಿಯುವವನಿಗೆ ಮೇಲೆ ಯಾರೂ ಇರುವುದಿಲ್ಲ. ಇವರಿಬ್ಬರಲ್ಲಿ ಕೊನೆಯವನ ಪಾತ್ರವೇ ಹೆಚ್ಚು ಗೌರವಕ್ಕೆ ಯೋಗ್ಯವಾದುದೆಂದು ನನ್ನ ಮತ. ರಾಮನಗರದಲ್ಲಿ ಕಲಿಯುವಾಗ ಬಂಡೆಯ ನೆತ್ತಿಯಲ್ಲಿ ಶಿಕ್ಷಕನಿರುತ್ತಾನೆ, ಎರಡನೆಯ ರಕ್ಷಣೆಯ ಹಗ್ಗವಿರುತ್ತದೆ, ಇಳಿದವರು ಬಂಡೆಯನ್ನು ಬಳಸಿ ನಡೆದು ಮತ್ತೆ ಮೇಲಕ್ಕೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಕಮರಿಯಲ್ಲಿ ಕೊನೆಯವನು ಎಲ್ಲರನ್ನೂ ಇಳಿಸಿ, ಹಗ್ಗ ಹಾದಿರುವ ಬಳೆಯನ್ನೂ, ಆ ಬಳೆಯನ್ನು ಹಿಡಿದಿರುವ ಪಟ್ಟಿಯನ್ನೂ, ಪಟ್ಟಿ ಸುತ್ತಿರುವ ಮರವನ್ನೋ ಸಿಕ್ಕಿಕೊಂಡ ಬಂಡೆಯನ್ನೋ ಕೊರೆದು ನೆಟ್ಟ ಬೋಲ್ಟನ್ನೋ ಮತ್ತೊಮ್ಮೆ ಪರೀಕ್ಷಿಸಬೇಕು. ಹಿಂದಿನವರು ಬಿಟ್ಟುಹೋದ ಪಟ್ಟಿಯನ್ನು ಬಿಸಿಲು ಒಣಗಿಸಿ ಟೊಳ್ಳಾಗಿಸಿರಬಹುದು, ಪ್ರವಾಹ ತಿಕ್ಕಿ ತೆಳುವಾಗಿಸಿರಬಹುದು. ಕಣ್ಣಿಗೆ ಕಂಡದ್ದನ್ನೆಲ್ಲ ನಂಬುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಇನ್ನೂ ಮೇಲಿರುವಾಗಲೇ, ಕೆಳಗಿನವರಿಗೆ ಕೂಗಿ, ಹಗ್ಗವನ್ನು ಒಂದೆರಡು ಅಡಿ ಎಳೆದು ನೋಡಲು ಹೇಳಬೇಕು. ಅದು ಜಾರಿತೆಂದರೆ ಇಳಿಯಬಹುದು. ಜಾರದಿದ್ದರೆ ಅಂಚಿನ ಬಿರುಕಿನಿಂದ ಅದನ್ನು ಸರಿಸಿಡಲು ಇನ್ನೂ ಒಬ್ಬ ಮೇಲಿದ್ದಾನೆ. ಅವನು ಇಳಿದ ಮೇಲೆ ಸಿಕ್ಕಿಕೊಂಡ ಹಗ್ಗ ಸಿಕ್ಕಿಕೊಂಡ ಹಾಗೆಯೇ. ಮುಂದಿನ ಇಳಿತಕ್ಕೆ ಬೇಕಾದ ಹಗ್ಗ ಹಿಂದಿನ ಬಂಡೆಯ ಮೇಲೆ ನೇತಾಡುತ್ತಿರುತ್ತದೆ, ಜನರೆಲ್ಲರೂ ನಡುವೆ.

ಹೀಗೆ ಸೆಳೆದ ಹಗ್ಗ ಮರಳುಗಲ್ಲಿನ ಅಂಚನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ನಮ್ಮ ಹಳೆಯ ಬಾವಿಕಟ್ಟೆಗಳ ಕಲ್ಲಿನಲ್ಲಿ ಬೆರಳು ಹುಗಿಯುವಷ್ಟು ಆಳದ ಗೀರುಗಳನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಬಾವಿಗೆ ತಲೆಮಾರುಗಳು ಬೇಕಾದವು, ಜನನಿಬಿಡವಾದ ಕಮರಿಗೆ ಕೆಲವು ವರ್ಷಗಳು ಸಾಕಾಗಿವೆ. ಬೋಲ್ಟ್ ನೆಡುವುದು ಕಲ್ಲಿಗೆ ಮಾಡುವ ಅಪಚಾರವೆಂದು ಒಂದು ಪಂಗಡದವರೂ, ಸರಿಯಾದ ಸ್ಥಳದಲ್ಲಿ ನೆಟ್ಟ ಎರಡು ಬೋಲ್ಟುಗಳಿಂದ ಇಂತಹ ಗೀರುಗಳು ತಪ್ಪುತ್ತವೆಂದು ಇನ್ನೊಂದು ಪಂಗಡದವರೂ ವಾದಿಸುತ್ತಾರೆ. ಈ ಜಗಳದಲ್ಲಿ ನಾನು ಎರಡನೆಯವರ ಕಡೆ ವಾಲುತ್ತೇನೆ.

ಹಗ್ಗದ ವಿಷಯವಾಗಿ ಇಷ್ಟು ಹೇಳಿದ್ದರಿಂದ ಕಮರಿಯಿಳಿತವೆಂದರೆ ಬರಿಯ ಹಗ್ಗದ ಕೆಲಸವೆಂಬ ಭಾವನೆ ಹುಟ್ಟಿದರೆ ಅದು ತಪ್ಪು. ದಿನದ ಹೆಚ್ಚಿನ ಭಾಗ ಕಳೆಯುವುದು ಕೈಕಾಲುಗಳನ್ನೂರಿ ಇಳಿಯುವುದರಲ್ಲಿ. ಎಂಟು ಅಡಿಯ ಬಂಡೆ, ಹತ್ತು ಅಡಿಯ ಜಾರುಗಲ್ಲು, ಎರಡು ಗೋಡೆಗಳ ನಡುವಿನ ಸೀಳು: ಇವಕ್ಕೆಲ್ಲ ಹಗ್ಗ ಬಿಚ್ಚುತ್ತ ಕುಳಿತರೆ ಕತ್ತಲಾಗುತ್ತದೆ. ಏರುವಾಗ ಕಣ್ಣು ಕೈಯ ಮುಂದಿರುತ್ತದೆ; ಇಳಿಯುವಾಗ ಕಾಲು ಕಣ್ಣಿನ ಹಿಂದಿರುತ್ತದೆ, ಕಾಣದ ಆಸರೆಯನ್ನು ಪಾದವೇ ತಡಕಿ ಹುಡುಕಬೇಕು. ಇಳಿಜಾರು ಸೌಮ್ಯವಾಗಿದ್ದರೆ ಮುಖ ಹೊರಗೆ ಮಾಡಿ, ಕುಳಿತು, ಮರ್ಯಾದೆಯನ್ನು ಬದಿಗಿಟ್ಟು ಅಂಡಿನ ಮೇಲೆಯೇ ಜಾರುವುದು ಉತ್ತಮ. ಕಡಿದಾಗಿದ್ದರೆ ಬಂಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ನೆಲೆಯಾಗಿರುವಂತೆ ನೋಡಿಕೊಂಡು, ಒಂದನ್ನು ಮಾತ್ರ ಚಲಿಸಬೇಕು. ಗೋಡೆಗಳು ಹತ್ತಿರವಾಗಿದ್ದಲ್ಲಿ ಬೆನ್ನನ್ನು ಒಂದಕ್ಕೂ ಪಾದಗಳನ್ನು ಇನ್ನೊಂದಕ್ಕೂ ಒತ್ತಿ, ಬಿರಡೆಯಂತೆ ಸಿಕ್ಕಿಕೊಂಡು, ಸ್ವಲ್ಪ ಸ್ವಲ್ಪವಾಗಿ ಸರಿಯುತ್ತ ಇಳಿಯಬಹುದು. ಕೆಳಗಿರುವವನು ಮೇಲಿನವನ ಪಾದವನ್ನು ಹಿಡಿದು ಆಸರೆಯ ಮೇಲೆ ಇಟ್ಟುಕೊಡುವುದು ಇಲ್ಲಿ ನಿತ್ಯದ ಉಪಚಾರ.

ಮಾಡಬಾರದ್ದು ಒಂದೇ: ನೀರಿಗೆ ಹಾರುವುದು. ಮಡುವಿನ ಬಣ್ಣದಿಂದ ಅದರ ಆಳ ತಿಳಿಯದು. ಕಳೆದ ವಾರ ಹತ್ತಡಿ ಆಳವಿದ್ದ ಮಡು ನಡುವೆ ಬಂದ ಪ್ರವಾಹದ ಮರಳಿನಿಂದ ತುಂಬಿ ಮೊಣಕಾಲುದ್ದವಾಗಿರುವುದು ಇಲ್ಲಿ ಸಾಮಾನ್ಯ. ನಾಲ್ಕಡಿ ಹಾರಿ ಕಣಕಾಲು ಮುರಿದುಕೊಂಡವನನ್ನು ಈ ಕಮರಿಯಿಂದ ಹೊತ್ತು ತರುವುದೆಂದರೆ ಇಡೀ ದಿನದ ಕಷ್ಟ.

ಕೈಯೂರಿದ ಬಂಡೆ ನೆಲೆಯಾಗಿದೆಯೆಂಬ ನಂಬಿಕೆಯೂ ಮೋಸಮಾಡಬಲ್ಲುದು. ಯೂಟಾದ ಇನ್ನೊಂದು ಭಾಗದಲ್ಲಿರುವ ಬ್ಲೂಜಾನ್ ಕಮರಿಯಲ್ಲಿ 2003ರ ಏಪ್ರಿಲ್ 26ರಂದು ಏರನ್ ರಾಲ್ಸ್ಟನ್ ಎಂಬ ನುರಿತ ತರುಣ, ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿದ್ದ ಬಂಡೆಯೊಂದರ ಮೇಲಿಂದ ಕೈಬಿಟ್ಟು ಇಳಿಯುತ್ತಿದ್ದಾಗ, ಆ ಬಂಡೆ ಕದಲಿ ಉರುಳಿ ಅವನ ಬಲಗೈಯನ್ನು ಗೋಡೆಗೆ ಅದುಮಿ ಹಿಡಿಯಿತು. ಅವನು ಒಬ್ಬನೇ ಹೋಗಿದ್ದನು, ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಐದು ದಿನಗಳು ಕಳೆದ ಮೇಲೆ ತನ್ನ ಮುಂಗೈಯ ಮೂಳೆಗಳನ್ನು ತಾನೇ ಮುರಿದುಕೊಂಡು, ಮೊಂಡು ಚಾಕುವಿನಿಂದ ಕೈಯನ್ನು ಕತ್ತರಿಸಿಕೊಂಡು, ಆಮೇಲೆ 65 ಅಡಿಯ ಗೋಡೆಯೊಂದನ್ನು ಒಂದೇ ಕೈಯಿಂದ ಹಗ್ಗ ಹಿಡಿದು ಇಳಿದು ಬದುಕಿದನು. ಈ ಕಥೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. 2010ರಲ್ಲಿ ಬಂದ ‘127 ಅವರ್ಸ್’ ಚಲನಚಿತ್ರಕ್ಕೆ ಸಂಗೀತವನ್ನೊದಗಿಸಿದವರು ನಮ್ಮ ಎ. ಆರ್. ರೆಹಮಾನ್. ಚಿತ್ರವನ್ನು ನೋಡಿದವರು ಚಾಕುವನ್ನು ನೆನಪಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಿದ್ದರೆ ಚಾಕು ಬೇಕಾಗುತ್ತಿರಲಿಲ್ಲವೆಂಬುದು ಎಷ್ಟು ಜನರಿಗೆ ಹೊಳೆಯುತ್ತದೆಯೋ ತಿಳಿಯದು.

ಇನ್ನು ನೀರು. ಸಬ್‌ವೇಯ ಮಡುಗಳಿಗೆ ಬಿಸಿಲು ತಾಗುವುದು ಅಪರೂಪ. ಮೇಲೆ ಬೋಳು ಬಂಡೆ ಕಾದು ಕಾವಲಿಯಾಗಿರುವ ಜುಲೈ ತಿಂಗಳಿನಲ್ಲಿಯೂ ಕೆಳಗಿನ ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿರುತ್ತದೆ. ಎರಡು ಮೂರು ಮಡುಗಳನ್ನು ಈಜಿದವನ ಬೆರಳುಗಳು ಮರಗಟ್ಟುತ್ತವೆ, ಮರಗಟ್ಟಿದ ಬೆರಳಿಗೆ ಗಂಟು ಕಟ್ಟಲು ಬಾರದು, ಮೈಯ ಕಾವು ಇಳಿದಂತೆ ಬುದ್ಧಿಯೂ ಮಂದವಾಗುತ್ತದೆ. ರಬ್ಬರಿನಂತಹ ದಪ್ಪ ಬಟ್ಟೆಯ ವೆಟ್‌ಸೂಟನ್ನು ತೊಡುವುದು ಇದಕ್ಕಾಗಿಯೇ. ಅದು ಮೈಯನ್ನು ಒಣಗಿಡುವುದಿಲ್ಲ, ಒಳಸೇರಿದ ನೀರನ್ನು ಮೈಯ ಬಿಸಿಯಿಂದಲೇ ಬೆಚ್ಚಗಿಟ್ಟುಕೊಳ್ಳುತ್ತದೆ.

ಚಳಿಗಿಂತ ಘೋರವಾದದ್ದು ಪ್ರವಾಹ. ಅಮೆರಿಕದ ಆ ನೈಋತ್ಯ ಮರುಭೂಮಿಯಲ್ಲಿ ಜುಲೈಯಿಂದ ಸೆಪ್ಟೆಂಬರ್ ಪರ್ಯಂತ ಮಧ್ಯಾಹ್ನದ ಗುಡುಗುಮಳೆಗಳು ಬರುತ್ತವೆ. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ, ನಮ್ಮ ಮಲೆನಾಡಿನವರು ಕೇಳಿದರೆ ನಕ್ಕಾರು. ಆದರೆ ನಮ್ಮ ಕಾಡಿನ ಮಣ್ಣು ಕುಡಿಯುವಷ್ಟು ನೀರನ್ನು ಅಲ್ಲಿನ ಬೋಳು ಬಂಡೆ ಕುಡಿಯಲಾರದು. ಮೈಲಿಗಟ್ಟಲೆ ಹರಡಿದ ಬಂಡೆಯ ಮೇಲೆ ಬಿದ್ದ ಮಳೆಯೆಲ್ಲ ಲಾಳಿಕೆಯೊಳಕ್ಕೆ ಸುರಿದಂತೆ ಕೈಯಗಲದ ಕಮರಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ನೆರೆಯ ಅರಿಜೋನಾ ರಾಜ್ಯದ ಆಂಟಿಲೋಪ್ ಕಮರಿಯ ಕೆಳಭಾಗದಲ್ಲಿ 11 ಜನ ಪ್ರವಾಸಿಗರು ಕೊಚ್ಚಿಹೋದಾಗ, ಮಳೆ ಸುರಿದದ್ದು ಅಲ್ಲಿಂದ ಮೈಲಿಗಳಾಚೆ. 2015ರ ಸೆಪ್ಟೆಂಬರ್ 14ರಂದು ಜಯಾನಿನಲ್ಲಿಯೇ, ಸಬ್‌ವೇಗಿಂತ ಚಿಕ್ಕದಾದ, ಹೊಸಬರಿಗೆ ಒಪ್ಪುವಂಥದೆಂದೇ ಹೆಸರಾದ ಕೀಹೋಲ್ ಎಂಬ ಕಮರಿಯೊಳಗೆ ಇಳಿದಿದ್ದ ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಮಧ್ಯಾಹ್ನ ಉದ್ಯಾನದ ಮುಖ್ಯ ನದಿಯಾದ ವರ್ಜಿನ್ ನದಿಯ ಉತ್ತರಗವಲಿನಲ್ಲಿ ನೀರು 55 ಕ್ಯೂಸೆಕ್‌ನಿಂದ 2,630 ಕ್ಯೂಸೆಕ್‌ಗೆ ಏರಲು ಹಿಡಿದದ್ದು 15 ನಿಮಿಷ. ಕಾವೇರಿಯ ದೆಸೆಯಿಂದ ಕ್ಯೂಸೆಕ್ ಎಂಬ ಮಾತನ್ನು ಬಾಲ್ಯದಿಂದ ಕೇಳಿಬಲ್ಲ ನಮಗೆ ಈ ಅಂಕಿಗಳು ದೊಡ್ಡವೆನಿಸಲಾರವು. ಎರಡು ತೋಳಗಲದ ಓಣಿಯಲ್ಲಿ ನಿಂತವನಿಗೆ ಅದರ ಒಂದು ಪಾಲು ಸಾಕು. ತಿಳಿನೀರು ಕದಡಿದ್ದು ಕಂಡರೆ, ಎಲೆ ಕಡ್ಡಿಗಳು ತೇಲಿಬಂದರೆ, ಮೇಲುಗಡೆಯಿಂದ ಗಾಳಿಯೂ ಮೊರೆತವೂ ಎದ್ದರೆ, ಎತ್ತರಕ್ಕೆ ಏರಬೇಕೆಂದು ಹೇಳುತ್ತಾರೆ. ಆದರೆ ಹಗ್ಗವನ್ನು ಸೆಳೆದುಕೊಂಡಾಗಿದೆ, ಗೋಡೆಗಳು ನುಣುಪಾಗಿವೆ. ಏರಲು ಎತ್ತರ ಎಲ್ಲಿದೆ?

ಆದಕಾರಣ ನಿಜವಾದ ಇಳಿತ ನಡೆಯುವುದು ಹಿಂದಿನ ದಿನ, ಅನುಮತಿಯ ಕಛೇರಿಯಲ್ಲಿ. ಸಬ್‌ವೇಗೆ ದಿನಕ್ಕೆ 80 ಜನರಿಗೆ ಮಾತ್ರ ಪ್ರವೇಶ. ಬೇಡಿಕೆ ಅದಕ್ಕಿಂತ ಬಹಳ ಹೆಚ್ಚಾದುದರಿಂದ ಚೀಟಿಯೆತ್ತಿ ಹಂಚುತ್ತಾರೆ, ಒಂದು ತಂಡದಲ್ಲಿ 12 ಜನರಿಗಿಂತ ಹೆಚ್ಚಿರಕೂಡದು. ಅಲ್ಲಿನ ಫಲಕದಲ್ಲಿ ಆ ದಿನದ ಪ್ರವಾಹದ ಸಂಭವವನ್ನು ಬರೆದಿರುತ್ತಾರೆ. ಹೋಗುವುದೋ ಬಿಡುವುದೋ ಎಂಬ ನಿರ್ಣಯ ಬಹುಮಟ್ಟಿಗೆ ನಿಮ್ಮದೇ. ಉದ್ಯಾನದೊಳಗೆ ಹಣ ಪಡೆದು ಕಮರಿಯಿಳಿಸುವ ಮಾರ್ಗದರ್ಶಕರಿಗೂ ಅವಕಾಶವಿಲ್ಲ. ಕಲಿಯಬೇಕಾದವರು ಉದ್ಯಾನದ ಗಡಿಯ ಹೊರಗಿನ ಬಂಡೆಗಳಲ್ಲಿ ಕಲಿತು ಬರಬೇಕು. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ನಮ್ಮವರು ಲಾಸ್ ವೇಗಸ್ಸಿನಿಂದ ಮೂರು ಗಂಟೆಯ ಹಾದಿಯೆಂದು ಕಾರು ಹತ್ತಿ ಹೊರಟುಬಿಡುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು. ತಿಂಗಳುಗಟ್ಟಲೆ ಕಾದು ಚೀಟಿ ಗೆದ್ದು, ರಜೆ ಹಾಕಿ, ದೂರದಿಂದ ಬಂದವನಿಗೆ ಫಲಕದ ಮೇಲಿನ ಒಂದು ಮಾತಿಗಾಗಿ ಹಿಂದಿರುಗುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ. ಮೂವತ್ತು ಅಡಿಯ ಬಂಡೆಗಿಂತ ಅದು ಕಡಿದಾದದ್ದು.

ದಿನ ತಿಳಿಯಾಗಿದ್ದರೆ ಮಾತ್ರ ಈ ಕಮರಿ ತನ್ನ ಸಂಪತ್ತನ್ನು ತೆರೆದಿಡುತ್ತದೆ. ಕತ್ತಲೆಯ ಮಡುವೊಂದನ್ನು ಈಜಿ ತಿರುವಿನಲ್ಲಿ ಹೊರಬಂದಾಗ, ಎಲ್ಲಿಂದಲೋ ಬಿಸಿಲು ಎದುರುಗೋಡೆಗೆ ತಾಗಿ, ಅದರಿಂದ ಈ ಗೋಡೆಗೆ ಚಿಮ್ಮಿ, ನೀರಿನ ಮೇಲೆ ಕುಂಕುಮ ಕದಡಿದಂತೆ ಬಿದ್ದಿರುತ್ತದೆ. ಬಹುಕಾಲದ ಹಿಂದಿನ ಪ್ರವಾಹ ತಂದು ಗೋಡೆಗೆ ಒರಗಿಸಿದ ಮರದ ದಿಮ್ಮಿಯೊಂದು ಛಾಯಾಗ್ರಾಹಕರ ಕಣ್ಮಣಿ. ಸುರಂಗದೊಳಗೆ ನೆಲವೂ ಪಾಚಿಗಟ್ಟಿದ ಕಲ್ಲಾಗಿದ್ದು ಬೋಗುಣಿಗಳಂತಹ ಹಸುರು ಕುಳಿಗಳು ಸಾಲಾಗಿವೆ. ಜಾರಿ ಬೀಳದೆ ಅದನ್ನು ದಾಟಿದವರು ಕಡಮೆ. ಕೊನೆಯ ಹಗ್ಗದಿಳಿತ ಮುಗಿದ ಮೇಲೆ ತೊರೆ ಕೆಂಪು ಹಲಗೆಗಳಂತಹ ಮೆಟ್ಟಿಲುಗಳ ಮೇಲೆ ತೆಳ್ಳಗೆ ಹರಡಿ ಹರಿಯುತ್ತದೆ. ಕೆಳಗಿನಿಂದ ಬಂದವರು ಅಲ್ಲಿ ಬುತ್ತಿ ಬಿಚ್ಚಿ ಕುಳಿತಿರುತ್ತಾರೆ. ಮುಂದೆ ಹಾದಿಯ ಬದಿಯ ಬೂದುಬಣ್ಣದ ಬಂಡೆಗಳಲ್ಲಿ ಮೂರು ಬೆರಳಿನ ಹೆಜ್ಜೆಗಳು ಮೂಡಿವೆ, ಡೈನೋಸಾರ್‌ಗಳವು. ಹಸಿಮಣ್ಣಿನ ಮೇಲೆ ನಡೆದ ಪ್ರಾಣಿ ಹೋಯಿತು, ಮಣ್ಣು ಕಲ್ಲಾಯಿತು.

ಇಷ್ಟರಲ್ಲಿ ಬಿಸಿಲು ಇಳಿಯುತ್ತಿರುತ್ತದೆ, ಒದ್ದೆಯಾದ ಹಗ್ಗ ಬೆಳಗಿನದಕ್ಕಿಂತ ಭಾರವಾಗಿರುತ್ತದೆ, ಬೂಟಿನೊಳಗೆ ಮರಳು ಸೇರಿರುತ್ತದೆ. ತೊರೆಯನ್ನು ಬಿಟ್ಟು ಏರಬೇಕಾದ ಸ್ಥಳವನ್ನು ಗಮನಿಸದೆ ಮುಂದಕ್ಕೆ ನಡೆದುಹೋಗುವವರೂ ಉಂಟು. ಕಪ್ಪು ಲಾವಾಕಲ್ಲುಗಳ ನಡುವೆ ಸುಮಾರು 400 ಅಡಿ ನೆಟ್ಟಗೆ ಏರುವ ಕಾಲುದಾರಿ, ಇಡೀ ದಿನ ಇಳಿದು ಸೋತ ತೊಡೆಗಳಿಂದ ಕೊನೆಯ ತೆರಿಗೆಯನ್ನು ವಸೂಲು ಮಾಡುತ್ತದೆ. ಅಂಚನ್ನು ಮುಟ್ಟಿ ಹಿಂದಿರುಗಿ ನೋಡಿದರೆ ತೊರೆ ಎಲ್ಲಿದೆಯೆಂದೇ ತಿಳಿಯದು. ಬಯಲಿನ ನಡುವೆ ನೆರಳಿನ ಗೆರೆಯೊಂದು ಮಾತ್ರ ಕಾಣುತ್ತದೆ. ಮರಗಳ ನಡುವೆ ಸ್ವಲ್ಪ ದೂರ ನಡೆದರೆ ವಾಹನಗಳು ನಿಲ್ಲುವ ಬಯಲು. ಬೆಳಗ್ಗೆ ಇಲ್ಲಿ ಒಂದು ಕಾರನ್ನು ನಿಲ್ಲಿಸಿ, ಇನ್ನೊಂದರಲ್ಲಿ ವೈಲ್ಡ್‌ಕ್ಯಾಟ್ ಹಾದಿಯ ತಲೆಗೆ ಹೋಗಿದ್ದವರು ಈಗ ಡಿಕ್ಕಿಯಲ್ಲಿ ಹಗ್ಗವನ್ನು ಹರಡಿ, ಒಣ ಅಂಗಿ ತೊಟ್ಟು, ಮೇಲೆ ಬಿಟ್ಟುಬಂದ ಕಾರನ್ನು ತರಲು ಯಾರು ಹೋಗಬೇಕೆಂದು ಚರ್ಚಿಸುತ್ತಾರೆ. ಸಾಮಾನ್ಯವಾಗಿ, ಕೊನೆಗೆ ಇಳಿದವನೇ ಹೋಗುತ್ತಾನೆ. ಕೀಲಿ ಅವನ ಜೇಬಿನಲ್ಲಿರುತ್ತದೆ.